ದೋಷವರದಿಯ ಸ್ಥಿತಿಗಳು: ಮುಕ್ತ ತಂತ್ರಾಂಶ ಬಳಸುವ ವರ್ತಕರು ಅರಿಯಬೇಕಾದ ಸಂಗತಿಗಳು

ಮಂಡ್ಯದ ಬೆಲ್ಲದ ಮಂಡಿಯಲ್ಲಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಾಗಲಿ, ಮಳವಳ್ಳಿಯ ಅಕ್ಕಿ ಗಿರಣಿಯಲ್ಲಾಗಲಿ ದರಪಟ್ಟಿ, ದಾಸ್ತಾನು ಹಾಗೂ ಬಾಕಿ ಲೆಕ್ಕಗಳನ್ನು ಗಣಕಯಂತ್ರದಲ್ಲಿ ಇಡಬಯಸುವ ವರ್ತಕರಿಗೆ ಪರವಾನಗಿ ಶುಲ್ಕವಿಲ್ಲದೆ ದೊರೆಯುವ ತಂತ್ರಾಂಶಗಳ ಪೈಕಿ ಲಿಬ್ರೆಆಫೀಸ್ ಪ್ರಮುಖವಾದುದು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಇದನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆಯ ಆಶ್ರಯದಲ್ಲಿ ಹಲವು ದೇಶಗಳ ತಂತ್ರಜ್ಞರು ಬೆಳೆಸುತ್ತಿದ್ದಾರೆ. ಹಣ ತೆತ್ತು ಕೊಂಡ ತಂತ್ರಾಂಶದಲ್ಲಿ ತೊಡಕಾದರೆ ಮಾರಿದವರನ್ನು ಕರೆಸಿ ಕೇಳಬಹುದು. ಉಚಿತವಾಗಿ ಇಳಿಸಿಕೊಂಡವರಿಗೆ ಆ ಆಸರೆಯಿಲ್ಲ. ಅವರು ಸಲ್ಲಿಸುವ ದೋಷವರದಿಯೇ ಅವರ ಸೇವಾ ಕರಾರು. ವರದಿ ಸಲ್ಲಿಸಿ ಸುಮ್ಮನಾಗುವವರು ಹೆಚ್ಚು, ಅದರ ಸ್ಥಿತಿಯನ್ನು ಓದಿ ಮುಂದಿನ ಹೆಜ್ಜೆ ಇಡುವವರು ಕಡಿಮೆ. ಆದಕಾರಣ ಈ ಸ್ಥಿತಿಗಳ ಅರ್ಥವನ್ನು ಇಲ್ಲಿ ವಿವರಿಸಲಾಗಿದೆ.

ಲಿಬ್ರೆಆಫೀಸಿನ ದೋಷವರದಿಗಳು ಬಗ್‌ಜಿಲ್ಲಾ ಎಂಬ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. 1998ರಲ್ಲಿ ಮೊಜಿಲ್ಲಾ ಯೋಜನೆಗಾಗಿ ರಚಿತವಾದ ಈ ವ್ಯವಸ್ಥೆಯನ್ನು ಅನೇಕ ಮುಕ್ತ ಯೋಜನೆಗಳು ಅಳವಡಿಸಿಕೊಂಡಿವೆ. ಪ್ರತಿ ವರದಿಗೂ ಒಂದು ಸಂಖ್ಯೆ, ಒಂದು ಸ್ಥಿತಿ. ಸ್ಥಿತಿಯನ್ನು ಕೇವಲ ಪ್ರಗತಿಯ ಸೂಚನೆಯೆಂದು ಭಾವಿಸಬಾರದು. ಮುಂದಿನ ಕೆಲಸ ಯಾರ ಪಾಲಿನದು ಎಂಬುದನ್ನೇ ಅದು ಹೇಳುತ್ತದೆ.

ಹೊಸ ವರದಿಯು 'ಅನ್‌ಕನ್‌ಫರ್ಮ್ಡ್', ಅಂದರೆ ಇನ್ನೂ ದೃಢಪಡದ ಸ್ಥಿತಿಯಲ್ಲಿರುತ್ತದೆ. ಬೇರೊಬ್ಬರು ತಮ್ಮ ಯಂತ್ರದಲ್ಲಿ ಅದೇ ದೋಷವನ್ನು ಕಂಡ ಬಳಿಕ 'ನ್ಯೂ' ಆಗುತ್ತದೆ. ವರದಿಗಾರನು ತಾನೇ ದೃಢಪಡಿಸಿಕೊಳ್ಳುವಂತಿಲ್ಲ. ತನ್ನ ಸಾಲಕ್ಕೆ ತಾನೇ ಜಾಮೀನು ನಿಲ್ಲಲಾಗದಲ್ಲವೇ! ತಂತ್ರಜ್ಞರೊಬ್ಬರು ಕೈಗೆತ್ತಿಕೊಂಡರೆ 'ಅಸೈನ್ಡ್'.

ಬಹಳಷ್ಟು ವರದಿಗಳು ಸಾಯುವುದು 'ನೀಡ್‌ಇನ್ಫೋ' ಎಂಬ ಸ್ಥಿತಿಯಲ್ಲಿ. ಪರೀಕ್ಷಕರು ಏನೋ ಮಾಹಿತಿ ಕೇಳಿದ್ದಾರೆ: ಯಾವ ಆವೃತ್ತಿ, ಯಾವ ಅಕ್ಷರಶೈಲಿ, ಮಾದರಿ ಕಡತವೆಲ್ಲಿ ಎಂದು. ಚೆಂಡು ವರದಿಗಾರನ ಅಂಗಳದಲ್ಲಿದೆ. ಆರು ತಿಂಗಳು ಉತ್ತರ ಬಾರದಿದ್ದರೆ ಒಂದು ಜ್ಞಾಪನ ಬರುತ್ತದೆ. ಮತ್ತೆ 30 ದಿನ ಮೌನವಿದ್ದರೆ ಸಾಕಷ್ಟು ಮಾಹಿತಿಯಿಲ್ಲವೆಂದು ವರದಿಯನ್ನು ಮುಚ್ಚಲಾಗುತ್ತದೆ. ಉತ್ತರ ಕೊಟ್ಟರಷ್ಟೇ ಸಾಲದು, ಸ್ಥಿತಿಯನ್ನು ಪುನಃ 'ಅನ್‌ಕನ್‌ಫರ್ಮ್ಡ್' ಎಂದು ಬದಲಿಸಲೂ ಬೇಕು. ಇಲ್ಲವಾದರೆ ಉತ್ತರ ಬಂದಿರುವುದು ಪರೀಕ್ಷಕರ ಕಣ್ಣಿಗೆ ಬೀಳದೇ ಹೋಗಬಹುದು. ಬರಹ ಇಂಗ್ಲಿಷಿನಲ್ಲಿರಬೇಕೆಂದು ಅಂಜುವ ಕಾರಣವಿಲ್ಲ. ಏನು ಮಾಡಿದೆವು, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸರಳ ವಾಕ್ಯಗಳು ಸಾಕು.

'ರಿಸಾಲ್ವ್ಡ್' ಎಂದರೆ ತೀರ್ಪು ಬಂದಿದೆ ಎಂದರ್ಥ, ದೋಷ ಸರಿಹೋಗಿದೆ ಎಂದೇ ಅಲ್ಲ. ಅದರ ಮುಂದಿನ ಪದವನ್ನು ಓದಬೇಕು. ಕನ್ನಡದ ಉದಾಹರಣೆಗಳನ್ನೇ ನೋಡೋಣ. ದಾಸ್ತಾನು ಪಟ್ಟಿಯಲ್ಲಿ 'ರ‍್ಯಾಕ್' ಎಂದು ಬರೆಯಹೋದರೆ ಅರ್ಕಾವೊತ್ತು ಬಂದು 'ರ್ಯಾಕ್' ಎಂದು ಮೂಡುತ್ತದೆ. ಇದು ತಂತ್ರಾಂಶದ ತಪ್ಪಲ್ಲ. ಯೂನಿಕೋಡ್ ನಿಯಮದಂತೆ ರಕಾರದ ನಂತರ, ವಿರಾಮ ಚಿಹ್ನೆಗೆ ಮೊದಲು, ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಬೇಕು. ಇಂತಹ ವರದಿಗೆ 'ನಾಟ್ ಎ ಬಗ್' ಎಂಬ ತೀರ್ಪು ನ್ಯಾಯವಾದುದೇ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ದರಪಟ್ಟಿಯು ಆ ಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೂ ಅಷ್ಟೇ. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಪರಿಹಾರ.

ಇನ್ನೊಂದು ಸಂದರ್ಭ. ಒಂದು ಒತ್ತಕ್ಷರ ಲಿಬ್ರೆಆಫೀಸಿನಲ್ಲಿ ಕೆಟ್ಟು ಕಾಣುತ್ತಿದೆ, ಫೈರ್‌ಫಾಕ್ಸ್‌ನಲ್ಲಿಯೂ ಹಾಗೆಯೇ ಕಾಣುತ್ತಿದೆ ಎನ್ನಿ. 2017ರ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಾರ್ಯವ್ಯವಸ್ಥೆಗಳಲ್ಲಿಯೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ಘಟಕವನ್ನೇ ಬಳಸುತ್ತಿದೆ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಕೂಡ ಅದನ್ನೇ ಅವಲಂಬಿಸಿವೆ. ಮೊದಲು ಲೋಹಿತ್ ಕನ್ನಡ, ನೋಟೋ ಸಾನ್ಸ್ ಕನ್ನಡ ಎರಡರಲ್ಲಿಯೂ ಪರೀಕ್ಷಿಸಬೇಕು. ಒಂದರಲ್ಲಿ ಮಾತ್ರ ಕೆಟ್ಟಿದ್ದರೆ ದೋಷ ಬಹುತೇಕ ಅಕ್ಷರಶೈಲಿಯದು, ಎರಡರಲ್ಲಿಯೂ ಕೆಟ್ಟಿದ್ದರೆ ಜೋಡಣೆಯ ಘಟಕವನ್ನು ಶಂಕಿಸಬಹುದು. ಆಗ 'ನಾಟ್ ಅವರ್ ಬಗ್' ಎಂಬ ತೀರ್ಪು ಬಂದರೆ ಅದು ತಿರಸ್ಕಾರವಲ್ಲ, ಬೇರೆ ಬಾಗಿಲಿನ ವಿಳಾಸ. 'ಡೂಪ್ಲಿಕೇಟ್' ಎಂದಿದ್ದರೆ ಅದೇ ದೂರು ಬೇರೊಂದು ಸಂಖ್ಯೆಯಲ್ಲಿ ಜೀವಂತವಾಗಿದೆ. ಆ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಬೇಕು. ದೋಷ ಮಾಯವಾಗಿದ್ದು ಯಾವ ತಿದ್ದುಪಡಿಯಿಂದ ಎಂಬುದು ತಿಳಿಯದಿದ್ದರೆ 'ವರ್ಕ್ಸ್ ಫಾರ್ ಮಿ' ಎನ್ನುತ್ತಾರೆ. ತಿದ್ದುಪಡಿ ಗೊತ್ತಿದ್ದಾಗ ಮಾತ್ರ 'ಫಿಕ್ಸ್ಡ್'.

'ಫಿಕ್ಸ್ಡ್' ಎಂಬುದನ್ನು ಕೈಗೆ ಬಂದ ಚೆಕ್ಕಿಗೆ ಹೋಲಿಸಬಹುದು. ಹಣ ಖಾತೆಗೆ ಇನ್ನೂ ಜಮೆಯಾಗಿಲ್ಲ. ಸರಿಪಡಿಸಿದ್ದು ಮೂಲ ಸಂಕೇತದಲ್ಲಿ, ಅಂಗಡಿಯ ಯಂತ್ರದಲ್ಲಿ ಅಲ್ಲ. ಲಿಬ್ರೆಆಫೀಸಿನ ಪ್ರಮುಖ ಆವೃತ್ತಿಗಳು ವರ್ಷಕ್ಕೆ ಸುಮಾರು ಎರಡು ಬಾರಿ ಹೊರಬರುತ್ತವೆ. ಯಾವ ಆವೃತ್ತಿಯಲ್ಲಿ ತಿದ್ದುಪಡಿ ಸೇರಲಿದೆ ಎಂದು ವರದಿಯಲ್ಲಿ ನಮೂದಿಸಿರುತ್ತಾರೆ. ಅದನ್ನು ಅಳವಡಿಸಿಕೊಂಡು ಪರೀಕ್ಷಿಸಿ, ಸರಿಯಿದ್ದರೆ 'ವೆರಿಫೈಡ್' ಎಂದು ಗುರುತಿಸಬಹುದು. ಅದೇ ದೋಷ ಉಳಿದಿದ್ದರೆ ವರದಿಯನ್ನು ಮತ್ತೆ ತೆರೆಯಬೇಕು. ಹೋಲುವ ಬೇರೆ ದೋಷವಾದರೆ ಹೊಸ ವರದಿಯೇ ಲೇಸು.

ತಮ್ಮ ಕಾರ್ಖಾನೆಯ ದೂರು ಪುಸ್ತಕಕ್ಕೂ ಈ ಕ್ರಮ ಒಗ್ಗುತ್ತದೆ. ಗಿರಣಿಯವರು 'ಚೀಲ ಬದಲಿಸಿಕೊಡಲಾಗಿದೆ' ಎಂದು ಬರೆಯುವ ಕಾಲಮೊಂದು, ಗ್ರಾಹಕರು ಒಪ್ಪಿದರೆಂದು ಬರೆಯುವ ಕಾಲಮು ಬೇರೊಂದು ಇದ್ದರೆ ಸಾಕು.

ಕಡೆಯದಾಗಿ ಒಂದು ಎಚ್ಚರಿಕೆ. ಈ ವರದಿಗಳು ಸಾರ್ವಜನಿಕವಾದವು. ಲಗತ್ತಿಸಿದ ಕಡತವನ್ನು ಜಗತ್ತಿನ ಯಾರೂ ತೆರೆದು ನೋಡಬಹುದು. ಆದ್ದರಿಂದ ಅಸಲಿ ಬಿಲ್ಲು ಅಥವಾ ಬಾಕಿ ಪಟ್ಟಿಯನ್ನು ಕಳುಹಿಸಲೇಬಾರದು. ಗ್ರಾಹಕರ ಹೆಸರು, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆಗಳಿಲ್ಲದ ಹೊಸ ಹಾಳೆಯೊಂದನ್ನು ತೆರೆದು, ದೋಷ ಕಾಣಿಸುವ ಎರಡು ಸಾಲುಗಳನ್ನಷ್ಟೇ ಕಲ್ಪಿತ ಹೆಸರುಗಳಲ್ಲಿ ಬರೆದು, ಅಲ್ಲಿಯೂ ದೋಷ ಮರುಕಳಿಸುವುದೆಂದು ನೋಡಿಕೊಂಡು ಲಗತ್ತಿಸತಕ್ಕದ್ದು.