ಪಾಠ: ವಿದ್ಯುತ್ ಚಾಲಿತ ಕಸ ಸಂಗ್ರಹಣಾ ವಾಹನದ ಚಾರ್ಜಿಂಗ್ ವೆಚ್ಚವನ್ನು ಅಂದಾಜಿಸುವ ವಿಧಾನ

(ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ)

ವಿದ್ಯುತ್ ಚಾಲಿತ ಕಸ ಸಂಗ್ರಹಣಾ ವಾಹನವನ್ನು ಪಂಚಾಯಿತಿ ಕಚೇರಿಯ ಸಂಪರ್ಕದಿಂದಲೇ ಚಾರ್ಜ್ ಮಾಡಿದರೆ, ಅದರ ವೆಚ್ಚವು ಕಚೇರಿಯ ಬಿಲ್ಲಿನಲ್ಲಿ ಬೆರೆತುಹೋಗುತ್ತದೆ. ಬಿಲ್ಲು ಏರಿದಾಗ ಮೊದಲು ಪ್ರಶ್ನೆಗೆ ಒಳಗಾಗುವವರು ವಾಹನದ ಚಾಲಕಿ. ಸರಿಯಾದ ಅಂದಾಜು ಆಯವ್ಯಯಕ್ಕೂ ಅವಶ್ಯಕ, ಚಾಲಕಿಗೂ ರಕ್ಷಣೆ.

1. ಬಳಕೆಯಾದ ಯೂನಿಟ್

ಒಂದು ಕಿಲೋವ್ಯಾಟ್ ಗಂಟೆಯೇ ಒಂದು ಯೂನಿಟ್. 10 ಯೂನಿಟ್ ಸಾಮರ್ಥ್ಯದ ಬ್ಯಾಟರಿಯು ದಿನದ ಓಡಾಟದಲ್ಲಿ ಶೇ. 90ರಿಂದ ಶೇ. 30ಕ್ಕೆ ಇಳಿದರೆ, ಬಳಕೆಯಾದದ್ದು 6 ಯೂನಿಟ್. ಪೂರ್ಣ ಸಾಮರ್ಥ್ಯವನ್ನೇ ದಿನದ ಬಳಕೆಯೆಂದು ಹಿಡಿಯುವುದು ಸಾಮಾನ್ಯವಾಗಿ ಆಗುವ ತಪ್ಪು.

2. ಚಾರ್ಜಿಂಗ್ ನಷ್ಟ

ಮೀಟರಿನಲ್ಲಿ ದಾಖಲಾದ ವಿದ್ಯುತ್ ಪೂರ್ತಿಯಾಗಿ ಬ್ಯಾಟರಿಯನ್ನು ಸೇರುವುದಿಲ್ಲ; ಒಂದು ಪಾಲು ಚಾರ್ಜರ್ ಮತ್ತು ಬ್ಯಾಟರಿಯಲ್ಲಿ ಶಾಖವಾಗಿ ವ್ಯಯವಾಗುತ್ತದೆ. ನಷ್ಟವನ್ನು ಶೇ. 15 ಎಂದು ಹಿಡಿದರೆ, 6ನ್ನು 0.85ರಿಂದ ಭಾಗಿಸಬೇಕು. ಮೀಟರಿನ ಬಳಕೆ ಸುಮಾರು 7.1 ಯೂನಿಟ್.

3. ಮಾಸಿಕ ವೆಚ್ಚ

ದಿನಕ್ಕೆ 40 ಕಿ.ಮೀ.ಯಂತೆ 26 ದಿನ ಓಡಿದರೆ 1,040 ಕಿ.ಮೀ. ಮತ್ತು ಸುಮಾರು 185 ಯೂನಿಟ್. ಉದಾಹರಣೆಗಾಗಿ ಯೂನಿಟ್‌ಗೆ ರೂ. 7 ಹಾಗೂ ಪ್ರತ್ಯೇಕ ಸಂಪರ್ಕದ ನಿಗದಿತ ಶುಲ್ಕ ರೂ. 450 ಎಂದು ಭಾವಿಸಿದರೆ:

ವಿದ್ಯುತ್ ಶುಲ್ಕ: 185 × 7 = ರೂ. 1,295
ನಿಗದಿತ ಶುಲ್ಕ: ರೂ. 450
ಒಟ್ಟು: ರೂ. 1,745
ಪ್ರತಿ ಕಿ.ಮೀ.ಗೆ: ರೂ. 1.68

ನೈಜ ದರ, ತೆರಿಗೆ ಮತ್ತು ಹೊಂದಾಣಿಕೆ ಶುಲ್ಕಗಳನ್ನು ಪಂಚಾಯಿತಿಯ ಇತ್ತೀಚಿನ ಬಿಲ್ಲಿನಿಂದಲೇ ತೆಗೆದುಕೊಳ್ಳತಕ್ಕದ್ದು.

4. ನಿಂತ ವಾಹನದ ವೆಚ್ಚ

ಇದೇ ವಾಹನವು 13 ದಿನ ಮಾತ್ರ ಓಡಿದರೆ ವಿದ್ಯುತ್ ಶುಲ್ಕ ರೂ. 644ಕ್ಕೆ ಇಳಿಯುತ್ತದೆ, ನಿಗದಿತ ಶುಲ್ಕ ಮಾತ್ರ ಇಳಿಯದು. ಒಟ್ಟು ರೂ. 1,094ನ್ನು 520 ಕಿ.ಮೀ.ಗೆ ಹಂಚಿದರೆ ಕಿ.ಮೀ.ಗೆ ರೂ. 2.10 ಆಗುತ್ತದೆ. ಬಿಲ್ಲಿನ ಮೊತ್ತ ಕಡಿಮೆಯಾದ ಮಾತ್ರಕ್ಕೆ ಉಳಿತಾಯವಾಯಿತೆಂದು ತೀರ್ಮಾನಿಸಲಾಗದು. ಅಷ್ಟು ದಿನ ಮನೆಗಳ ಕಸ ಉಳಿದಿದೆ ಎಂಬುದೂ ಅದರ ಅರ್ಥವಾಗಿರಬಹುದು.

5. ಸದಸ್ಯರು ಗಮನಿಸಬೇಕಾದ ಅಂಶಗಳು

ಅ) ಪ್ರತ್ಯೇಕ ಸಂಪರ್ಕವಿಲ್ಲದಿದ್ದಲ್ಲಿ ಚಾರ್ಜರ್‌ಗೆ ಉಪ ಮೀಟರ್ ಅಳವಡಿಸುವುದು.
ಆ) ಚಾರ್ಜರ್ ಸೇರಿಸುವ ಮುನ್ನ ಮಂಜೂರಾದ ವಿದ್ಯುತ್ ಭಾರ ಸಾಕಾಗುವುದೇ ಎಂದು ವಿದ್ಯುತ್ ಸರಬರಾಜು ಕಂಪನಿಯ ಸ್ಥಳೀಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.
ಇ) ಲಾಗ್ ಪುಸ್ತಕದಲ್ಲಿ ಪ್ರತಿದಿನ ಕಿ.ಮೀ., ಬ್ಯಾಟರಿಯ ಶೇಕಡಾ ಮಟ್ಟ ಮತ್ತು ಮೀಟರ್ ರೀಡಿಂಗ್ ನಮೂದಿಸುವುದು.
ಈ) ಕಿ.ಮೀ.ವಾರು ಯೂನಿಟ್ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಚಕ್ರದ ಗಾಳಿ, ಬ್ರೇಕ್ ಹಿಡಿತ, ಹೊರೆಯ ಪ್ರಮಾಣ ಹಾಗೂ ಚಾರ್ಜರನ್ನು ಪರೀಕ್ಷಿಸುವುದು. ಚಾಲಕಿಯಿಂದ ವಿವರಣೆ ಕೇಳುವುದು ಅದರ ನಂತರದ ಹಂತ.

ಅಭ್ಯಾಸ: ಮುಂದಿನ ಸಾಮಾನ್ಯ ಸಭೆಗೆ ಮುನ್ನ, ತಮ್ಮ ಪಂಚಾಯಿತಿಯ ವಾಹನದ ಒಂದು ವಾರದ ಲಾಗ್ ಪುಸ್ತಕದಿಂದ ಕಿ.ಮೀ.ವಾರು ವೆಚ್ಚವನ್ನು ಲೆಕ್ಕ ಹಾಕಿ, ಸಭೆಯಲ್ಲಿ ಮಂಡಿಸುವುದು.