ಖಾರಾ ಬನ್ನಿನ ಹಿಟ್ಟು ಗಡಿಯಾರ ನೋಡುವುದಿಲ್ಲ

ಅಯ್ಯಂಗಾರ್ ಬೇಕರಿಯ ಒಲೆಯಿಂದ ಸಂಜೆಯ ಖಾರಾ ಬನ್ ಹೊರಬಿತ್ತೆಂದರೆ ಅದರ ವಾಸನೆ ರಸ್ತೆ ದಾಟಿ ಎದುರಿನ ಬಸ್‌ಸ್ಟಾಪಿಗೂ ಹೋಗುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಕೆಲವು ಕಡೆ ಸಬ್ಬಸಿಗೆ. ವಡೆಗೆ ಬೀಳಬೇಕಾದ ಸಾಮಾನೆಲ್ಲ ಮೈದಾ ಹಿಟ್ಟಿನಲ್ಲಿ ಸೇರಿ ಬೆಂದರೆ ಅದೇ ಖಾರಾ ಬನ್. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದದ್ದು 1898ರಲ್ಲಿ. ವಿಶ್ವೇಶ್ವರಪುರದ ವಿ.ಬಿ. ಬೇಕರಿ ಶುರುವಾದದ್ದು 1953ರಲ್ಲಿ. ಮೊಟ್ಟೆ ಮುಟ್ಟದ ಮನೆತನದವರು ಇಂಗ್ಲಿಷರ ಬ್ರೆಡ್ಡಿಗೆ ಕೈಹಾಕಿ, ಅದಕ್ಕೆ ನಮ್ಮ ಖಾರ ಬೆರೆಸಿ ಊರಿಗೆಲ್ಲ ತಿನ್ನಿಸಿದ್ದು ಸಣ್ಣ ಸಾಹಸವೇನಲ್ಲ.

ಇದೇ ಬನ್ನನ್ನು ಮನೆಯ ಓಟಿಜಿಯಲ್ಲಿ ಮಾಡಲು ಹೊರಟರೆ ಮೊದಲು ಅಡ್ಡ ಬರುವುದು ನಮ್ಮ ಕಣ್ಣಳತೆಯ ಅಭ್ಯಾಸ. ಸಾರಿಗೆ ಉಪ್ಪು, ಪಲ್ಯಕ್ಕೆ ಎಣ್ಣೆ, ಹುಳಿಗೆ ಬೆಲ್ಲ, ಯಾವುದನ್ನೂ ನಮ್ಮ ಮನೆಗಳಲ್ಲಿ ಅಳೆದು ಹಾಕುವವರಿಲ್ಲ. ಹಾಕಿದ್ದು ಕಡಿಮೆಯಾದರೆ ಆಮೇಲೆ ಸೇರಿಸಬಹುದು. ಒಲೆಯೊಳಗೆ ಹೋದ ಬನ್ನಿಗೆ ಉಪ್ಪು ಸೇರಿಸುವುದು ಹೇಗೆ? ಪುಸ್ತಕದಲ್ಲಿರುವ ‘ಕಪ್’ ಕೂಡ ನಂಬುವ ಹಾಗಿಲ್ಲ. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್, ಅಂಗಡಿಯ ಪ್ಲಾಸ್ಟಿಕ್ ಸೆಟ್ಟಿನಲ್ಲಿ ಕೆಲವು 250. ನಮ್ಮ ಸ್ಟೀಲ್ ಲೋಟದ ಅಳತೆಯನ್ನಂತೂ ಅದನ್ನು ಮಾಡಿದವನೇ ಹೇಳಬೇಕು. ಅದೂ ಸಾಲದು ಅಂತ, ಒಂದೇ ಕಪ್ಪಿನಲ್ಲಿ ಜರಡಿ ಹಿಡಿದು ಸುರಿದ ಮೈದಾ 120 ಗ್ರಾಂ ತೂಗಿದರೆ, ಡಬ್ಬಿಗೆ ಅದ್ದಿ ಒತ್ತಿ ತೆಗೆದದ್ದು 150ರ ಹತ್ತಿರ ಹೋಗುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ ಎಂದರೆ ಒಂದು ಬನ್ ಮೆತ್ತಗೆ, ಇನ್ನೊಂದು ಗಟ್ಟಿ.

ಹಾಗಾಗಿ ಬೇಕಿಂಗ್ ಕಲಿಯಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಒಂದು ಗ್ರಾಂವರೆಗೆ ತೋರಿಸುವ ಬ್ಯಾಟರಿ ತಕ್ಕಡಿಯ ಹೆಸರು. ಬಣ್ಣಬಣ್ಣದ ಸಿಲಿಕಾನ್ ಅಚ್ಚು, ಕ್ರೀಮಿನ ನಳಿಕೆ, ತಿರುಗುವ ಸ್ಟ್ಯಾಂಡು ಎಲ್ಲ ಆಮೇಲೆ ಬರಲಿ. ಬರದಿದ್ದರೂ ನಷ್ಟವಿಲ್ಲ.

ಬೇಕರಿಯವರ ಲೆಕ್ಕ ಸುಲಭ. ಹಿಟ್ಟು ಎಷ್ಟೇ ಇರಲಿ, ಅದನ್ನು ನೂರು ಅಂದುಕೊಂಡು ಉಳಿದದ್ದನ್ನು ಅದರ ಪಾಲಾಗಿ ಹೇಳುತ್ತಾರೆ. ನೂರಕ್ಕೆ ನೀರು ಅರವತ್ತರಿಂದ ಅರವತ್ತೈದು, ಉಪ್ಪು ಹೆಚ್ಚೆಂದರೆ ಎರಡು, ಇನ್‌ಸ್ಟಂಟ್ ಯೀಸ್ಟ್ ಒಂದು. 300 ಗ್ರಾಂ ಮೈದಾಕ್ಕೆ 180 ಗ್ರಾಂ ನೀರು, 5 ಗ್ರಾಂ ಉಪ್ಪು, 3 ಗ್ರಾಂ ಯೀಸ್ಟ್, 15 ಗ್ರಾಂ ಸಕ್ಕರೆ, 30 ಗ್ರಾಂ ಬೆಣ್ಣೆ. ಇದರಲ್ಲಿ ಎಂಟು ಬನ್ ಆಗುತ್ತದೆ. ಖಾರಾ ಬನ್ನಿನಲ್ಲಿ ಗುಟ್ಟೇನಾದರೂ ಇದ್ದರೆ ಅದು ಈರುಳ್ಳಿಯದು. ಹೆಚ್ಚಿದ ಈರುಳ್ಳಿಗೆ ಉಪ್ಪು ತಾಗಿದ ಕೂಡಲೇ ನೀರು ಬಿಡುತ್ತದೆ. ಹಿಟ್ಟು ನಾದುವ ಮೊದಲೇ ಅದನ್ನು ಸೇರಿಸಿದರೆ ಹತ್ತು ನಿಮಿಷದಲ್ಲಿ ಕೈಗೆ ಅಂಟಿಕೊಳ್ಳುವ ಮುದ್ದೆ ಸಿಗುತ್ತದೆ. ಆಗ ಇನ್ನಷ್ಟು ಮೈದಾ ಉದುರಿಸಬೇಕೆನಿಸುತ್ತದೆ, ಅಲ್ಲಿಗೆ ತೂಗಿದ್ದೆಲ್ಲ ನೀರಿನಲ್ಲಿ ಹೋಮ. ಬರೀ ಹಿಟ್ಟನ್ನು ಮೊದಲು ಹದಕ್ಕೆ ತರಬೇಕು. ಸಣ್ಣ ತುಂಡು ಹರಿದು ಬೆರಳುಗಳ ನಡುವೆ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗುವ ಹೊತ್ತಿಗೆ ನಾದಿದ್ದು ಸಾಕು ಎಂದರ್ಥ. ಈರುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಆರಿಸಿ, ಸೊಪ್ಪಿನ ಜೊತೆ ಕೊನೆಯಲ್ಲಿ ಮಡಚಿ ಸೇರಿಸಿದರೆ ಹಿಟ್ಟು ಕೈಬಿಡುವುದಿಲ್ಲ.

ತಕ್ಕಡಿಯ ಕೆಲಸ ಇಲ್ಲಿಗೆ ಮುಗಿಯಿತು. ಇಲ್ಲಿಂದ ಮುಂದೆ ಅದೇ ಕಣ್ಣಳತೆ ಮತ್ತೆ ಬೇಕು.

‘ಒಂದು ಗಂಟೆ ಮುಚ್ಚಿಡಿ’ ಎಂದು ಪಾಕಪುಸ್ತಕ ಹೇಳುತ್ತದೆ. ಯಾವ ಊರಿನ ಒಂದು ಗಂಟೆ? ಯೀಸ್ಟ್ ಜೀವವಿರುವ ಶಿಲೀಂಧ್ರ. ಸುಮಾರು 27ರಿಂದ 32 ಡಿಗ್ರಿಯಲ್ಲಿ ಚುರುಕಾಗಿರುತ್ತದೆ, ಹತ್ತು ಡಿಗ್ರಿ ಇಳಿದರೆ ಅದರ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅರವತ್ತು ಡಿಗ್ರಿ ಮುಟ್ಟುವ ಬಿಸಿನೀರು ಸುರಿದರೆ ಸತ್ತೇ ಹೋಗುತ್ತದೆ. ಏಪ್ರಿಲ್ಲಿನ ರಾಯಚೂರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಪಾತ್ರೆಯ ಬಾಯಿಗೆ ಬರುವ ಹಿಟ್ಟು, ಡಿಸೆಂಬರಿನ ಬೆಂಗಳೂರಿನಲ್ಲಿ ಎರಡು ಗಂಟೆಯಾದರೂ ಅಲುಗದೆ ಕೂತಿರಬಹುದು. ಇದು ದೋಸೆ ಹಿಟ್ಟು ರುಬ್ಬುವ ಯಾವ ಮನೆಗೂ ಹೊಸ ವಿಷಯವಲ್ಲ. ಚಳಿಗಾಲದಲ್ಲಿ ಸಂಪಣ ಬೇಗ ಬರುವುದಿಲ್ಲ ಎಂದು ಉದ್ದು ಸ್ವಲ್ಪ ಮುಂಚೆ ನೆನೆಹಾಕುವವರು, ಬೇಸಿಗೆಯಲ್ಲಿ ಹುಳಿಯಾದೀತೆಂದು ಬೇಗ ಫ್ರಿಜ್ಜಿಗೆ ಸೇರಿಸುವವರು, ಬ್ರೆಡ್ ವಿಷಯ ಬಂದಾಗ ಮಾತ್ರ ಮೊಬೈಲಿನಲ್ಲಿ ಅಲಾರಾಂ ಇಟ್ಟು ಕೂರುವುದು ನನಗೆ ಬಹಳ ತಮಾಷೆಯಾಗಿ ಕಾಣುತ್ತದೆ. ನೋಡಬೇಕಾದದ್ದು ಹಿಟ್ಟನ್ನು. ಎರಡರಷ್ಟಾಗಿದೆಯೇ? ಹಾಗಿದ್ದರೆ ಬನ್ನಿನ ಆಕಾರ ಕೊಟ್ಟು ಮತ್ತೆ ಉಬ್ಬಲು ಬಿಟ್ಟು, ಹಿಟ್ಟು ಹಚ್ಚಿದ ಬೆರಳಿನಿಂದ ಒತ್ತಿ ನೋಡಿ. ಗುಳಿ ತಕ್ಷಣ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು. ಮೆಲ್ಲಗೆ ಅರ್ಧ ತುಂಬಿಕೊಂಡು ನಿಂತರೆ ಒಲೆಗೆ ಸಿದ್ಧ. ಒತ್ತಿದ ಕೂಡಲೇ ಇಡೀ ಬನ್ ಕುಸಿದರೆ ಹೊತ್ತು ಮೀರಿದೆ.

ಚಳಿಗಾಲಕ್ಕೆ ನಮ್ಮ ಮನೆಯಲ್ಲಿ ಒಂದು ಹಳೇ ಕೌದಿ ಇದೆ. ಬಣ್ಣಗೆಟ್ಟ ಹತ್ತಿ ಸೀರೆಗಳನ್ನು ಪದರು ಪದರಾಗಿ ಸೇರಿಸಿ ದಾರ ಓಡಿಸಿದ್ದು, ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇರುವಂಥದು. ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದ ಹಿಟ್ಟಿನ ಪಾತ್ರೆಗೆ ಅದನ್ನು ಸುತ್ತಿಟ್ಟರೆ ಕೆಲಸ ಆಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿ ಇನ್ನೂ ಸೊಗಸು. ಅವರು ಹೊಲಿಗೆಯನ್ನು ಒಂದು ಮೂಲೆಯಿಂದ ಹಿಡಿದು, ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮಾಡಿದ ತ್ರಿಕೋನದ ‘ಫೂಲ’ ಕೂರಿಸದಿದ್ದರೆ ಅವರ ಲೆಕ್ಕದಲ್ಲಿ ಕೌದಿ ಮುಗಿದಂತಲ್ಲ. ಅಂಥ ಕೌದಿಯನ್ನು ಹಿಟ್ಟಿನ ಪಾತ್ರೆಗೆ ಸುತ್ತುವ ಧೈರ್ಯ ನನಗಿಲ್ಲ. ಅದಕ್ಕೆ ಮಾಸಿದ್ದೇ ಸರಿ.

ಯೀಸ್ಟಿಗೆ ಕಾಯಲು ಪುರುಸೊತ್ತಿಲ್ಲದವರಿಗೆ ಸೋಡಾ, ಬೇಕಿಂಗ್ ಪೌಡರ್ ಇವೆ. ಬೇಕಿಂಗ್ ಪೌಡರಿನ ಹಿಂದೆ ಒಬ್ಬ ಹೆಂಡತಿಯ ಹೊಟ್ಟೆಯ ಕಥೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧ ಅಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆಯೂ ಆಗದು, ಯೀಸ್ಟೂ ಆಗದು. ಆಕೆಗೋಸ್ಕರ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪೌಡರ್, 1843ರಲ್ಲಿ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸುವ ಪುಡಿ ಮಾಡಿದ. ಮೊಟ್ಟೆ ತಿನ್ನದ ನಮ್ಮ ಎಷ್ಟೋ ಮನೆಗಳ ಹುಟ್ಟುಹಬ್ಬದ ಕೇಕು, ಫ್ರೂಟ್ ಸಲಾಡಿನ ಕಸ್ಟರ್ಡು ಎರಡೂ ಆ ಒಂದು ಸಂಸಾರದ ಪಥ್ಯದ ಋಣದಲ್ಲಿವೆ.

ಸೋಡಾ ಒಂದೇ ಹಾಕಿದರೆ ಸಾಲದು, ಅದಕ್ಕೆ ಮೊಸರು, ನಿಂಬೆರಸ, ಬೆಲ್ಲದಂಥ ಹುಳಿಯಂಶವಿರುವ ಜೊತೆ ಬೇಕು. ಹುಳಿ ಸಾಲದೆ ಉಳಿದ ಸೋಡಾ ನಾಲಿಗೆಗೆ ಸಾಬೂನಿನ ರುಚಿ ಕೊಡುತ್ತದೆ. ಅದು ಉಳಿದಿದೆಯೇ ಎಂದು ತಿಳಿಯುವ ಉಪಾಯ ಮಸಾಲೆ ಡಬ್ಬಿಯಲ್ಲೇ ಇದೆ. ಖಾರದ ಕೇಕಿನ ಹಿಟ್ಟಿಗೆ ಚಿಟಿಕೆ ಅರಿಶಿನ ಬೆರೆಸಿ ನೋಡಿ. ಹಿಟ್ಟು ಹಳದಿಯಾಗಿಯೇ ಇದ್ದರೆ ಸರಿ, ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದರೆ ಸೋಡಾ ಹೆಚ್ಚಾಗಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ರಸಾಯನದಿಂದ. ಡಬ್ಬಿ ಹಳೆಯದಾಗಿದ್ದರೆ ಸೋಡಾದ ಮೇಲೆ ನಿಂಬೆರಸ, ಬೇಕಿಂಗ್ ಪೌಡರಿನ ಮೇಲೆ ಬಿಸಿನೀರು ಹನಿಸಬೇಕು. ಬುಸ್ಸೆಂದರೆ ಜೀವ ಇದೆ.

ಮಂಗಳೂರಿನ ಅಕ್ಕ ಬರೆದುಕೊಟ್ಟ ಕೇಕು ಬೆಂಗಳೂರಿನ ತಂಗಿಯ ಮನೆಯಲ್ಲಿ ನಡುವೆ ಕುಸಿದರೆ ತಂಗಿಯ ಕೈಗುಣವನ್ನು ದೂರುವ ಮೊದಲು ಭೂಪಟ ನೋಡುವುದು ಒಳ್ಳೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆಯಾಗಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗುತ್ತದೆ. ಗೋಡೆ ಗಟ್ಟಿಯಾಗುವ ಮೊದಲೇ ಚಾವಣಿ ಎದ್ದರೆ ಏನಾಗುತ್ತದೋ ಕೇಕಿಗೂ ಅದೇ ಆಗುತ್ತದೆ. ಒಂದು ಚಮಚ ಬೇಕಿಂಗ್ ಪೌಡರ್ ಇರುವಲ್ಲಿ ಚಿಟಿಕೆಯಷ್ಟು ಕಡಿಮೆ ಮಾಡಿ, ಒಂದೆರಡು ಚಮಚ ಹಾಲು ಹೆಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಕ್ಕನಿಗೆ ಬೇರೆ ತಾಪತ್ರಯ. ಜುಲೈ ಮಳೆಯಲ್ಲಿ ಕರಾವಳಿಯ ಮೈದಾ ಡಬ್ಬಿಯೊಳಗೇ ತೇವ ಕುಡಿದಿರುತ್ತದೆ, ಅಲ್ಲಿ ನೀರು ಕೈಹಿಡಿದು ಹಾಕಬೇಕು.

ಓಟಿಜಿಯ ಗುಂಡಿ 200 ಎಂದರೆ ಒಳಗೆ 200 ಇದೆ ಎಂದಲ್ಲ. ಇಪ್ಪತ್ತು ಡಿಗ್ರಿ ಆಚೀಚೆ ಆಗುವುದು ಮಾಮೂಲು. ಒಳಗೆ ನೇತುಹಾಕುವ ಚಿಕ್ಕ ಥರ್ಮಾಮೀಟರು ಕೊಂಡರೆ ಊಹಿಸುವ ಕಷ್ಟ ತಪ್ಪುತ್ತದೆ. ಕಾದಿದೆ ಎಂದು ಸೂಚಿಸುವ ದೀಪ ಆರಿದ ತಕ್ಷಣ ತಟ್ಟೆ ಇಡದೆ ಇನ್ನೂ ಐದಾರು ನಿಮಿಷ ಬಿಟ್ಟರೆ ಒಳಗೋಡೆಯೂ ಕಾಯುತ್ತದೆ. ಬನ್ನಿಗೆ 190ರಿಂದ 200 ಡಿಗ್ರಿ, ಹದಿನೆಂಟಿಪ್ಪತ್ತು ನಿಮಿಷ. ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರಬೇಕು. ಕುಕ್ಕರಿನಲ್ಲಿ ಮಾಡುವವರು ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆಯಲೇಬೇಕು. ನೀರಿಲ್ಲದೆ ಕಾದ ಕುಕ್ಕರ್ ಬೇಗ ಕೆಡುತ್ತದೆ. ದಿನಬಳಕೆಯದನ್ನು ಬಿಟ್ಟು ಮೂಲೆಗೆ ಬಿದ್ದ ದಪ್ಪ ತಳದ ಹಳೆಯದನ್ನು ಇದಕ್ಕೆ ಮೀಸಲಿಡುವುದು ಜಾಣತನ.

ಬನ್ನಿಗೆ ಹಾಕುವ ಸೊಪ್ಪಿಗೆ ಮಾರುಕಟ್ಟೆಯೇ ಬೇಕೆಂದಿಲ್ಲ. ಬಾಲ್ಕನಿಯಲ್ಲಿ ನಾಲ್ಕು ಗಂಟೆ ಬಿಸಿಲು ಬಿದ್ದರೆ ಸಬ್ಬಸಿಗೆ, ಕೊತ್ತಂಬರಿ ಎರಡೂ ಬರುತ್ತವೆ. ಎರಡಕ್ಕೂ ನೇರ ಇಳಿಯುವ ತಾಯಿಬೇರು, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತವೆ. ಹಾಗಾಗಿ ಸಸಿ ತರುವ ಬದಲು ಒಂದು ಗೇಣು ಆಳದ ಕುಂಡಕ್ಕೇ ಬೀಜ ಹಾಕಬೇಕು. ದಿನಸಿ ಅಂಗಡಿಯ ಧನಿಯಾ ಸಾಕು. ಒಂದೊಂದು ಕಾಳಿನಲ್ಲೂ ಎರಡು ಬೀಜ ಇರುವುದರಿಂದ ಚಪ್ಪಲಿ ಅಡಿಯಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಒತ್ತಿ ಹೋಳು ಮಾಡಿಕೊಳ್ಳಬೇಕು. ಬಿಸಿಲು ಏರಿದಂತೆ ಕೊತ್ತಂಬರಿ ಎಲೆ ಬಿಡುವುದನ್ನು ಬಿಟ್ಟು ಹೂವಿಗೆ ಓಡುತ್ತದೆ. ಮಾರ್ಚ್ ನಂತರ ಅದನ್ನು ಒತ್ತಾಯ ಮಾಡಿ ಪ್ರಯೋಜನವಿಲ್ಲ, ಆ ಹೊತ್ತಿಗೆ ದೊಡ್ಡಪತ್ರೆ ಇದೆ. ಸಣ್ಣಗೆ ಹೆಚ್ಚಿ ಹಾಕಿದರೆ ಬನ್ನಿಗೆ ಓಮದ ಘಾಟು ಬರುತ್ತದೆ. ಬೇಕರಿಯವರಿಗೆ ಇದು ಯಾಕೆ ಹೊಳೆದಿಲ್ಲವೋ!

ಹಿತ್ತಲಲ್ಲಿ ಪರಂಗಿ ಗಿಡವಿದ್ದವರಿಗೆ ಬೇಕರಿಯ ಇನ್ನೊಂದು ಸರಕೂ ಪುಕ್ಕಟೆ. ದಿಲ್‌ಪಸಂದ್ ಒಳಗೆ, ಕೇಕಿನ ಮೇಲೆ ಮಿನುಗುವ ಟೂಟಿ ಫ್ರೂಟಿ ಪರಂಗಿ ಕಾಯಿಯದೇ. ಬೀಜ ಇನ್ನೂ ಬೆಳ್ಳಗಿರುವ ಗಟ್ಟಿ ಕಾಯಿ ಬೇಕು, ಹಣ್ಣಿಗೆ ತಿರುಗಿದ್ದು ಕರಗಿಹೋಗುತ್ತದೆ. ಸಿಪ್ಪೆ ತೆಗೆದು, ಹಾಲು ತೊಳೆದು, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ, ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸಿ ಬಸಿಯಬೇಕು. ಅಷ್ಟೇ ತೂಕದ ಸಕ್ಕರೆ, ಅದರರ್ಧ ನೀರು ಹಾಕಿ ಸಣ್ಣ ಉರಿಯಲ್ಲಿಟ್ಟರೆ ತುಂಡುಗಳು ಮೊದಲು ಮಬ್ಬಾಗಿ, ಆಮೇಲೆ ಗಾಜಿನಂತೆ ಒಳಗಿನ ಬೆಳಕು ಕಾಣುವಷ್ಟು ತಿಳಿಯಾಗುತ್ತವೆ. ಒಂದೆಳೆ ಪಾಕ ಬಂದಾಗ ಇಳಿಸಿ ಮೂರು ಬಟ್ಟಲಿಗೆ ಹಂಚಿ, ಒಂದಕ್ಕೆ ಬೀಟ್‌ರೂಟ್ ರಸ, ಇನ್ನೊಂದಕ್ಕೆ ಕೇಸರಿ ನೆನೆಸಿದ ನೀರು ಹಾಕಿ, ಮೂರನೆಯದನ್ನು ಹಾಗೇ ಬಿಡಬಹುದು. ಬೇಕರಿಯ ಕಡುಗೆಂಪು, ಗಿಳಿಹಸಿರು ಬರುವುದಿಲ್ಲ. ಮಕ್ಕಳು ಅದಕ್ಕೆ ತಕರಾರು ತೆಗೆಯುತ್ತಾರೆ. ರಾತ್ರಿಯಿಡೀ ಪಾಕದಲ್ಲಿ ನೆನೆದ ಮೇಲೆ ಬಸಿದು, ತಟ್ಟೆಯಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಫ್ಯಾನಿನ ಕೆಳಗೆ ಒಣಗಿಸಬೇಕು. ಇರುವೆ ಹತ್ತದಂತೆ, ನೀರು ತುಂಬಿದ ಪರಾತದ ನಡುವೆ ಬಟ್ಟಲು ಬೋರಲು ಹಾಕಿ ತಟ್ಟೆಯನ್ನು ಅದರ ಮೇಲಿಡಿ. ಉಳಿದ ಪಾಕವನ್ನು ಚೆಲ್ಲುವುದು ಬೇಡ, ಒಲೆಯಿಂದ ಇಳಿಸಿದ ಸಿಹಿ ಬನ್ನಿನ ನೆತ್ತಿಗೆ ಬಿಸಿಯಿರುವಾಗಲೇ ಸವರಿದರೆ ಬೇಕರಿಯ ಹೊಳಪು ಬರುತ್ತದೆ.