ಎಳೆ ವಯಸ್ಸಿನಲ್ಲಿ ಹಲ್ಲು ಕಟ್ಟಿಸುವವರ ಲೆಕ್ಕ

ಮೂವತ್ತರ ಆಸುಪಾಸಿನಲ್ಲಿ ಬಾಯಿಯ ಬಹುಪಾಲು ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ ಒಂದು ಸಲದ ಖರ್ಚಲ್ಲ. ಅರವತ್ತೈದು ದಾಟಿದ ಮೇಲೆ ಕಟ್ಟಿಸಿಕೊಂಡವರು ಎರಡು ಮೂರು ಸೆಟ್‌ಗಳಲ್ಲಿ ಕಾಲ ಹಾಕಬಹುದು. ಮೂವತ್ತೆರಡರವರಿಗೆ ಆರೇಳು ಬೇಕಾಗುತ್ತವೆ. ಪ್ರತಿ ಸಲವೂ ಸೆಟ್ಟನ್ನು ಹೊರುವ ದವಡೆಯ ಮೂಳೆ ಹಿಂದಿನ ಸಲಕ್ಕಿಂತ ಒಂದಿಷ್ಟು ತಗ್ಗಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಬಹಳ ಮನೆಗಳಿಗೆ ದುಡ್ಡು ತಿಂಗಳ ಮೊದಲ ವಾರದಲ್ಲಿ ಬರುವುದಿಲ್ಲ, ಬೆಳೆ ಮಾರಿದಾಗ ಬರುತ್ತದೆ. ಹಾಗಾಗಿ ಎಷ್ಟು ಖರ್ಚು ಎನ್ನುವ ಪ್ರಶ್ನೆಯ ಜೊತೆಗೆ ಯಾವಾಗ ಖರ್ಚು ಎನ್ನುವುದೂ ಇಲ್ಲಿ ಮುಖ್ಯ.

ಎಳೆಯರ ಹಲ್ಲು ಹೋಗುವುದಕ್ಕೆ ಮುಖ್ಯ ಕಾರಣ ಎರಡು: ಹುಳುಕು ಮತ್ತು ವಸಡಿನ ರೋಗ. ಸಕ್ಕರೆ, ಬೆಲ್ಲ, ಬಿಸ್ಕತ್ತಿನ ಅಂಶವನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಆಮ್ಲದ ಪ್ರಮಾಣ ಒಂದು ಮಿತಿ ದಾಟಿದಾಗ ಹಲ್ಲಿನ ಹೊರಕವಚ ಕರಗಲು ಶುರುವಾಗುತ್ತದೆ. ಇಲ್ಲಿ ತಿಂದ ಪ್ರಮಾಣಕ್ಕಿಂತ ತಿಂದ ಸಲಗಳ ಲೆಕ್ಕ ದೊಡ್ಡದು. ಹೊಲದಲ್ಲೂ ತಂಬಾಕು ಬೇಯಿಸುವ ಬ್ಯಾರನ್‌ ಮುಂದೆಯೂ ಗಂಟೆಗೊಮ್ಮೆ ಸಿಹಿ ಟೀ ಕುಡಿಯುವವರ ಹಲ್ಲು ಹಬ್ಬಕ್ಕೊಮ್ಮೆ ಹೋಳಿಗೆ ತಿನ್ನುವವರ ಹಲ್ಲಿಗಿಂತ ಬೇಗ ಹುಳುಕಾಗುತ್ತದೆ.

ವಸಡಿನ ರೋಗ ಇದಕ್ಕಿಂತ ಮೋಸದ್ದು. ಅದು ನೋಯುವುದಿಲ್ಲ. ಹಲ್ಲಿನ ಸುತ್ತಲಿನ ಮೂಳೆ ಕರಗುತ್ತಾ ಹೋಗಿ, ಒಂದೂ ಹುಳುಕಿಲ್ಲದ ಹಲ್ಲು ಅಲುಗಾಡತೊಡಗುತ್ತದೆ. ಇದರ ಒಂದು ಉಗ್ರ ರೂಪ ಹದಿಹರೆಯದಲ್ಲೇ ಶುರುವಾಗುತ್ತದೆ, ಕೆಲವು ಕುಟುಂಬಗಳಲ್ಲಿ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಕಾಣಿಸಿಕೊಳ್ಳುತ್ತದೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದನ್ನು ಜೋರು ಮಾಡುತ್ತದೆ. ಮೂವತ್ತರೊಳಗೆ ಹಲವು ಹಲ್ಲು ಒಟ್ಟಿಗೆ ಸಡಿಲವಾದವರು ಹಲ್ಲಿಗೆ ದುಡ್ಡು ಹಾಕುವ ಮೊದಲು ರಕ್ತದ ಸಕ್ಕರೆ ನೋಡಿಸುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ತಂಬಾಕಿನ ಮಾತು ಈ ಸೀಮೆಯಲ್ಲಿ ಬಿಡುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ವರ್ಜೀನಿಯಾ ತಂಬಾಕು ಮುಖ್ಯ ವಾಣಿಜ್ಯ ಬೆಳೆ. ಬೆಳೆಯುವವರೆಲ್ಲ ಅಗಿಯುತ್ತಾರೆಂದಲ್ಲ, ಬ್ಯಾರನ್‌ನಲ್ಲಿ ಬೇಯುವ ಎಲೆ ಸಿಗರೇಟಿಗೆ ಹೋಗುವಂಥದ್ದು, ಎಲೆ ಅಡಿಕೆಯ ಜೊತೆ ಬಾಯಿಗೆ ಹೋಗುವ ಹೊಗೆಸೊಪ್ಪೇ ಬೇರೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧವಾಯಿತು, ಹೊಗೆಸೊಪ್ಪು ಅಂಗಡಿಯಲ್ಲೇ ಉಳಿಯಿತು. ದವಡೆಯ ಒಂದೇ ಮೂಲೆಯಲ್ಲಿ ಅದನ್ನು ಒತ್ತಿಟ್ಟುಕೊಳ್ಳುವವರಿಗೆ ಅಲ್ಲಿನ ವಸಡು ಇಳಿದು ಬೇರು ಕಾಣುತ್ತದೆ, ಬಿಳಿ ಮಚ್ಚೆ ಏಳಬಹುದು. ಬೀಡಿ ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಬರುತ್ತದೆ. ಇದನ್ನು ಆರೋಗ್ಯದ ಗುರುತೆಂದು ತಿಳಿಯುವುದು ತಪ್ಪು. ಹೊಗೆ ರೋಗದ ಸುಳಿವನ್ನು ಮುಚ್ಚಿಡುತ್ತದೆ. ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಅದನ್ನು ಪರೀಕ್ಷೆ ಮಾಡಿಸಿದ ಮೇಲೆಯೇ ಸೆಟ್ಟಿನ ಮಾತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ವರ್ಷ ದಾಟಿದವರಿಗೆ ಸಕ್ಕರೆ, ರಕ್ತದೊತ್ತಡ ಮತ್ತು ಬಾಯಿ ಕ್ಯಾನ್ಸರ್ ತಪಾಸಣೆ ಉಚಿತ.

ನೋವಿನಿಂದ ರಾತ್ರಿಯಿಡೀ ನಿದ್ದೆಗೆಟ್ಟವರ ಬಾಯಲ್ಲಿ ಬರುವ ಮೊದಲ ಮಾತು ‘ಎಲ್ಲಾ ಕಿತ್ತು ಹಾಕ್ಬಿಡಿ’ ಎಂಬುದು. ದುಡ್ಡಿನ ದೃಷ್ಟಿಯಿಂದ ಇದಕ್ಕಿಂತ ದುಬಾರಿ ತೀರ್ಮಾನ ಇನ್ನೊಂದಿಲ್ಲ. ಹಲ್ಲು ಕಿತ್ತ ಜಾಗದ ಮೂಳೆಗೆ ಕೆಲಸವಿಲ್ಲದೆ ಅದು ಕರಗಲು ಶುರುವಾಗುತ್ತದೆ. ಮೊದಲ ವರ್ಷ ಹೆಚ್ಚು, ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ಸೆಟ್ ಹಾಕಿಕೊಂಡವರನ್ನು ಇಪ್ಪತ್ತೈದು ವರ್ಷ ಗಮನಿಸಿ ಟಾಲ್‌ಗ್ರೆನ್ ಎಂಬ ದಂತ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಳದವಡೆಯ ಸವೆತ ಮೇಲ್ದವಡೆಯ ಸುಮಾರು ನಾಲ್ಕು ಪಟ್ಟು ಕಂಡಿತ್ತು. ಮೇಲಿನ ಸೆಟ್ ಅಂಗುಳಿಗೆ ಅಂಟಿ ಗಾಳಿಯ ಒತ್ತಡದಲ್ಲಿ ನಿಲ್ಲುತ್ತದೆ. ಕೆಳಗಿನದಕ್ಕೆ ಆ ಆಸರೆ ಇಲ್ಲ. ಕುದುರೆ ಲಾಳದ ಆಕಾರದ ಕಿರಿದಾದ ಏಣಿನ ಮೇಲೆ ಕುಳಿತು, ನಾಲಗೆ ಅಲುಗಿದಂತೆಲ್ಲ ಮೇಲೇಳುತ್ತದೆ. ಮೂವತ್ತಕ್ಕೇ ಕೆಳಗಿನ ಹಲ್ಲೆಲ್ಲ ಕೀಳಿಸಿದವರಿಗೆ ಐವತ್ತರಲ್ಲಿ ಸೆಟ್ ಕೂರಲು ಏಣೇ ಉಳಿಯದಿರಬಹುದು.

ಆದ್ದರಿಂದ ಎಳೆಯ ರೋಗಿಯ ಚಿಕಿತ್ಸೆಯಲ್ಲಿ ಮೊದಲ ಪ್ರಶ್ನೆ ಯಾವ ಹಲ್ಲು ಕೀಳಬೇಕು ಎಂಬುದಲ್ಲ, ಯಾವ ಬೇರು ಉಳಿಸಬಹುದು ಎಂಬುದು. ಕೋರೆಹಲ್ಲಿನ ಬೇರು ಎಲ್ಲಕ್ಕಿಂತ ಉದ್ದ; ಸಾಮಾನ್ಯವಾಗಿ ಕೊನೆಗೆ ಉಳಿಯುವುದೂ ಅದೇ. ಮೇಲ್ಭಾಗ ಹುಳುಕಾಗಿ ಮುರಿದಿದ್ದರೂ ಬೇರು ಗಟ್ಟಿಯಿದ್ದರೆ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ತೇದು, ಅದರ ಮೇಲೆ ಸೆಟ್ ಕೂರಿಸಬಹುದು. ಬೇರು ಇರುವವರೆಗೆ ಸುತ್ತಲಿನ ಮೂಳೆಯೂ ಉಳಿಯುತ್ತದೆ. ಏನು ಅಗಿಯುತ್ತಿದ್ದೇವೆ ಎಂಬ ಅರಿವೂ ಒಂದಷ್ಟು ಉಳಿಯುತ್ತದೆ. ಹುಣಸೂರಿನವನಾದ ಈ ಅಂಕಣಕಾರ ಮೂವತ್ತು ದಾಟುತ್ತಿದ್ದಂತೆ ಕೆಳಗಿನ ಎರಡು ಕೋರೆಹಲ್ಲಿನ ಬೇರು ಉಳಿಸಿಕೊಂಡು ಹಲ್ಲು ಕಟ್ಟಿಸಿಕೊಂಡವನು. ಮೇಲಿನದಕ್ಕಿಂತ ಕೆಳಗಿನ ಸೆಟ್ಟೇ ನೆಟ್ಟಗೆ ನಿಂತಿರುವುದು ಆ ಎರಡು ಬೇರುಗಳ ದಯೆಯಿಂದ. ಬೇರು ಇಲ್ಲದ ಕಡೆ ಎರಡು ಇಂಪ್ಲಾಂಟ್ ತಿರುಪುಗಳು ಇದೇ ಕೆಲಸ ಮಾಡುತ್ತವೆ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಎರಡು ಇಂಪ್ಲಾಂಟಿನ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಪ್ಪಿದ್ದರು. ಮೈಸೂರು ಜಿಲ್ಲೆಯ ಕೂಲಿಕಾರನ ಜೇಬು ಅವರ ಮುಂದಿರಲಿಲ್ಲ, ನಿಜ. ಆದರೂ ಆ ಮಾತಿನ ತರ್ಕ ಇಲ್ಲಿಗೂ ಹೊಂದುತ್ತದೆ.

ಕೆಲವೇ ಹಲ್ಲು ಹೋಗಿದ್ದರೆ ಪೂರ್ತಿ ಸೆಟ್ಟಿನ ಪ್ರಶ್ನೆ ಬರುವುದಿಲ್ಲ. ಅಕ್ರಿಲಿಕ್‌ನ ತೆಗೆದು ಹಾಕುವ ಹಲ್ಲು ಅಗ್ಗ. ಲೋಹದ ಚೌಕಟ್ಟಿನದು ತೆಳು ಮತ್ತು ಗಟ್ಟಿ, ಬೆಲೆ ಹೆಚ್ಚು. ಬ್ರಿಡ್ಜ್ ಹಾಕಿಸಲು ಅಕ್ಕಪಕ್ಕದ ಒಳ್ಳೆಯ ಹಲ್ಲುಗಳನ್ನು ತೇಯಬೇಕು. ವಸಡು ಸಡಿಲವಿರುವವರಿಗೆ ಅದು ಹೇಳಿದ್ದಲ್ಲ.

ಪೂರ್ತಿ ಸೆಟ್ ಒಂದೇ ದಿನದ ಕೆಲಸವಲ್ಲ. ಮೊದಲು ಅಚ್ಚಿನ ಅಳತೆ, ಅದರಿಂದ ಪ್ಲಾಸ್ಟರ್ ಮಾದರಿ, ಆಮೇಲೆ ಮೇಣದ ಪಟ್ಟಿ ಕಚ್ಚಿಸಿ ಮೇಲಿನ ಕೆಳಗಿನ ದವಡೆಯ ಹೊಂದಾಣಿಕೆ, ಕೊನೆಗೆ ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡುವುದು. ಈ ಮೇಣದ ಹಂತದಲ್ಲಿ ಅವಸರ ಮಾಡಬಾರದು. ಹಲ್ಲಿನ ಬಣ್ಣ, ಉದ್ದ, ತುಟಿಯ ಉಬ್ಬು ಎಲ್ಲವನ್ನೂ ಆಗ ಬದಲಿಸಬಹುದು; ಮೇಣ ತೆಗೆದು ಅಕ್ರಿಲಿಕ್ ಬೇಯಿಸಿದ ಮೇಲೆ ಬದಲಿಸುವುದೆಂದರೆ ಹೊಸದಾಗಿ ಮಾಡಿಸಿದಂತೆಯೇ. ಮೂವತ್ತರ ಮುಖಕ್ಕೆ ಒಂದೇ ಸಮನಾದ ಬೆಳ್ಳನೆ ಹಲ್ಲಿನ ಸಾಲು ದೂರದಿಂದಲೇ ಕಟ್ಟಿಸಿದ್ದೆಂದು ಗೊತ್ತಾಗುತ್ತದೆ. ಹಲ್ಲು ಹಾಳಾಗುವ ಮೊದಲಿನ, ನಗುತ್ತಿರುವ ಒಂದು ಫೋಟೊ ಒಯ್ದರೆ ಜೋಡಿಸುವವರಿಗೆ ಅನುಕೂಲ. ಮದುವೆ ಆಲ್ಬಮ್ಮೇ ಆಗಬಹುದು. ‘ಸರಸ್ವತಿ’, ‘ಶಾಸ್ತ್ರ’ ಎಂಬಂಥ ಸಕಾರದ ಮಾತುಗಳನ್ನು ಆಡಿ ನೋಡಬೇಕು, ಸೀಟಿ ಹೊಡೆದಂತೆ ಕೇಳಿದರೆ ಅಲ್ಲೇ ಹೇಳಬೇಕು.

ಈಗ ಲೆಕ್ಕ. ದರ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಬದಲಾಗುವುದರಿಂದ ಇಲ್ಲಿನದು ಉದಾಹರಣೆ ಮಾತ್ರ. ಒಂದು ಪೂರ್ತಿ ಸೆಟ್ಟಿಗೆ 15,000 ರೂಪಾಯಿ, ಬಾಳಿಕೆ ಆರು ವರ್ಷ, ನಡುವೆ ಒಮ್ಮೆ ಒಳಮೈಗೆ ಹೊಸ ಪದರ ಹಾಕಿಸಲು 2,500 ಎಂದಿಟ್ಟುಕೊಂಡರೆ, 32ರಿಂದ 68ನೇ ವಯಸ್ಸಿನವರೆಗೆ ಆರು ಸೆಟ್‌ಗೆ ಇಂದಿನ ದರದಲ್ಲೇ 1,05,000 ಆಗುತ್ತದೆ. ಅಂದರೆ ತಿಂಗಳಿಗೆ 250 ರೂಪಾಯಿಗೆ ಸ್ವಲ್ಪ ಕಡಿಮೆ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ ತಿಂಗಳಿಗೆ 250 ಕಟ್ಟಿದರೆ ಶೇ 6.7ರ ಬಡ್ಡಿಯಲ್ಲಿ ಕೊನೆಗೆ ಸುಮಾರು 17,800 ಕೈಗೆ ಬರುತ್ತದೆ. ಮೊದಲ ಸೆಟ್ ಬಾಯಿಗೆ ಬಂದ ತಿಂಗಳೇ ಈ ಖಾತೆ ತೆರೆದವರು ಎರಡನೆಯದಕ್ಕೆ ಸಾಲ ಮಾಡಬೇಕಾಗಿಲ್ಲ. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ ಇದು ಅದರ ಎಂಟನೇ ಒಂದು ಪಾಲು.

ಎಲ್ಲಿ ಮಾಡಿಸುವುದು ಎಂಬುದರಲ್ಲೂ ಒಳಲೆಕ್ಕವಿದೆ. ಕೀಳುವುದು, ತುಂಬುವುದು, ಶುಚಿ ಮಾಡುವುದಕ್ಕೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗ ಸಾಕು. ರೂಟ್ ಕೆನಾಲ್ ಮತ್ತು ಸೆಟ್ಟಿಗೆ ಮೈಸೂರಿನ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ: ಬನ್ನಿಮಂಟಪದ ಜೆಎಸ್‌ಎಸ್ ಮತ್ತು ತಿಲಕನಗರದ ಫಾರೂಕಿಯಾ. ಕಾಲೇಜಿನಲ್ಲಿ ಅಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ. ದರ ಕಡಿಮೆ, ಓಡಾಟ ಜಾಸ್ತಿ. ಖಾಸಗಿಯಲ್ಲಿ ಐದು ಸಲ ಹೋದರೆ ಇಲ್ಲಿ ಎಂಟು ಹತ್ತು ಸಲವಾಗಬಹುದು. 2025ರ ಏಪ್ರಿಲ್‌ನಿಂದ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಐದು ದಿನ ಹೆಚ್ಚಿಗೆ ಓಡಾಡಿದರೆ 1,850 ರೂಪಾಯಿ ಕೂಲಿ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ್ದರಿಂದ ಅವರಿಗೆ ಕಾಲೇಜಿನ ದಾರಿ ಬಹುಪಾಲು ಲಾಭದ್ದೇ. ಗಂಡಸರಿಗೆ ಪಿರಿಯಾಪಟ್ಟಣದಿಂದಾದರೆ ಬಸ್ ಚಾರ್ಜ್ ಸೇರಿಸಿ ನೋಡಬೇಕು. ನಾಲ್ಕೂ ಊರುಗಳಲ್ಲಿ ಕೆ.ಆರ್. ನಗರಕ್ಕೆ ಮಾತ್ರ ರೈಲು ಇದೆ.

ಸರ್ಕಾರದ ದಂತಭಾಗ್ಯ ಯೋಜನೆ ಬಿಪಿಎಲ್ ಕುಟುಂಬದವರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತದೆ. ಆರಂಭದಲ್ಲಿ ಅದು 60 ದಾಟಿದವರಿಗಿತ್ತು, ಆಮೇಲೆ ಮಿತಿ 45ಕ್ಕೆ ಇಳಿಯಿತು. ಮೂವತ್ತರವರು ಅದರ ಹೊರಗೇ. ಹಲ್ಲು ಮುಪ್ಪಿಗೇ ಉದುರುತ್ತದೆ ಎಂಬ ಊಹೆ ಯೋಜನೆಯೊಳಗೇ ಕೂತಿದೆ. ದುಡಿಯುವ ವಯಸ್ಸಿನಲ್ಲಿ ಬಾಯಿ ಬೋಳಾದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಸಡಿಲಿಕೆ ಕೊಟ್ಟರೆ ಸರ್ಕಾರಕ್ಕೆ ದೊಡ್ಡ ಹೊರೆಯಾಗದು. ಆದರೂ 38–40ರಲ್ಲಿ ಇರುವವರು ಮೊದಲ ಸೆಟ್ಟನ್ನು ಕೈಯಿಂದ ಮಾಡಿಸಿ, ಎರಡನೆಯದಕ್ಕೆ ಈ ಯೋಜನೆಯನ್ನು ಲೆಕ್ಕಕ್ಕೆ ಹಿಡಿಯಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ದವಡೆ ಮುರಿತದಂಥ ಶಸ್ತ್ರಚಿಕಿತ್ಸೆಗೆ ಆಗಿಬರುತ್ತದೆ, ಸೆಟ್ಟಿಗಲ್ಲ. ಖಾಸಗಿ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಅಪಘಾತವಾಗಿ ಆಸ್ಪತ್ರೆಗೆ ಸೇರಿದಾಗ ಮಾತ್ರ ಹಲ್ಲಿನ ಖರ್ಚು ನೋಡುತ್ತವೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಮೈಸೂರಿನ ಕಾರ್ಖಾನೆಗಳಿಗೆ ಹೋಗಿಬರುವ ನೌಕರರು ಇಎಸ್‌ಐ ಕಾರ್ಡಿನಲ್ಲಿ ಹಲ್ಲಿನ ಚಿಕಿತ್ಸೆ ಪಡೆಯಬಹುದು; ಸೆಟ್ ಸಿಗುತ್ತದೆಯೇ ಎಂದು ಹಲ್ಲು ಕೀಳಿಸುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ತಂಬಾಕಿನ ಹರಾಜು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಶುರುವಾಗಿ ಹೊಸ ವರ್ಷದ ಮೊದಲ ತಿಂಗಳುಗಳವರೆಗೆ ನಡೆಯುತ್ತದೆ. ಬೇಲ್ ಮಾರಿದ ದುಡ್ಡಿನಲ್ಲಿ ಬ್ಯಾಂಕ್ ಸಾಲ ಕಡಿತವಾಗಿ ಉಳಿದದ್ದು ಖಾತೆಗೆ ಬೀಳುತ್ತದೆ. ಆಷಾಢ–ಶ್ರಾವಣದಲ್ಲಿ ಕೈ ಖಾಲಿ. ಸೌದೆಗೂ ಆಳಿಗೂ ದುಡ್ಡು ಹೋಗುತ್ತಿರುತ್ತದೆ. ಅದೃಷ್ಟಕ್ಕೆ ಹಲ್ಲಿನ ಚಿಕಿತ್ಸೆಯೂ ಎರಡು ಕಂತಿನಲ್ಲಿ ನಡೆಯುವಂಥದ್ದು. ಕಿತ್ತ ಮೇಲೆ ವಸಡು ಮಾಗಲು ಎರಡು ಮೂರು ತಿಂಗಳು ಬೇಕು. ಕಡಿಮೆ ಖರ್ಚಿನ ಕೀಳುವ ಕೆಲಸವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಆಷಾಢದಲ್ಲಿ ಮುಗಿಸಿದರೆ, ಅಳತೆ ಕೊಡುವ ಹೊತ್ತಿಗೆ ಮೊದಲ ಬೇಲ್‌ಗಳ ದುಡ್ಡು ಬಂದಿರುತ್ತದೆ. ಭತ್ತ ಬೆಳೆಯುವ ಕೆ.ಆರ್. ನಗರದ ಕಡೆಯವರು ಇದನ್ನೇ ಕೊಯ್ಲಿಗೆ ಹೊಂದಿಸಿಕೊಳ್ಳಬಹುದು. ಅಂಗಡಿಯಲ್ಲೋ ಶಾಲೆಯಲ್ಲೋ ಕೆಲಸವಿದ್ದು ಬರಿಬಾಯಲ್ಲಿ ಇರಲಾಗದವರಿಗೆ ಕಿತ್ತ ದಿನವೇ ಕೂರಿಸುವ ತಾತ್ಕಾಲಿಕ ಸೆಟ್ ಉಂಟು. ವಸಡು ಇಳಿದಂತೆ ಅದು ಸಡಿಲವಾಗುತ್ತದೆ, ಮತ್ತೆ ಪದರ ಹಾಕಿಸುವ ಖರ್ಚು ಸೇರುತ್ತದೆ. ಕಾಯದೆ ಜೂನ್‌ನಲ್ಲೇ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ 40,000 ತಂದರೆ, ಡಿಸೆಂಬರ್‌ಗೆ ಬಡ್ಡಿಯೇ 7,200. ಅರ್ಧ ಸೆಟ್ಟಿನ ದುಡ್ಡು ಬಡ್ಡಿಗೆ ಹೋಯಿತು. ಸ್ವಸಹಾಯ ಸಂಘದ ಸಾಲ ಇದಕ್ಕಿಂತ ಅಗ್ಗ, ವಾರದ ಕಂತು ಕಟ್ಟಲು ವಾರದ ವರಮಾನ ಇದ್ದರೆ ಮಾತ್ರ.

ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಬದಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಅಗ್ಗದ ದರಕ್ಕೆ ಮರುಳಾಗಬಾರದು. ತಟ್ಟನೆ ಗಟ್ಟಿಯಾಗುವ ಅಕ್ರಿಲಿಕ್ ಕಲಸಿ ಪಕ್ಕದ ಹಲ್ಲಿಗೆ ತಂತಿಯಿಂದ ಬಿಗಿಯುವ ಆ ಹಲ್ಲನ್ನು ತೆಗೆದು ತೊಳೆಯಲಾಗದು. ಅಡಿಯಲ್ಲಿ ಅನ್ನ ಕೊಳೆತು, ಆಸರೆ ಕೊಟ್ಟ ಒಳ್ಳೆಯ ಹಲ್ಲೂ ಒಂದೆರಡು ವರ್ಷದಲ್ಲಿ ಅಲುಗಾಡುತ್ತದೆ. ಕ್ಲಿನಿಕ್ ಆದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ಇಡೀ ದವಡೆಯ ಎಕ್ಸ್‌ರೇಗೆ ದುಡ್ಡು ಕೊಟ್ಟಿದ್ದರೆ ಅದನ್ನು ಕೇಳಿ ಪಡೆಯಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಹೋದಾಗ ಮತ್ತೆ ತೆಗೆಸುವ ಖರ್ಚು ಉಳಿಯುತ್ತದೆ.

ಸೆಟ್ ಹಾಕಿದ ಮೊದಲ ವಾರಗಳಲ್ಲಿ ಜೊಲ್ಲು ಹೆಚ್ಚು, ಮಾತು ತೊದಲು, ಅಲ್ಲಲ್ಲಿ ಹುಣ್ಣು. ಕಚ್ಚುವ ಶಕ್ತಿ ಸ್ವಂತ ಹಲ್ಲಿನ ನಾಲ್ಕನೇ ಒಂದು ಭಾಗದಷ್ಟೂ ಇರುವುದಿಲ್ಲ. ಈ ಸೀಮೆಯ ಊಟ ಒಂದು ಮಟ್ಟಿಗೆ ಕೈ ಹಿಡಿಯುತ್ತದೆ: ರಾಗಿ ಮುದ್ದೆ ಅಗಿಯುವುದಲ್ಲ, ನುಂಗುವುದು, ಹಿತಕಿದ ಅವರೆಬೇಳೆ ಸಾರು ಮೆತ್ತಗಿರುತ್ತದೆ. ಕಷ್ಟ ಕೊಡುವುದು ಮಾಂಸ, ಚಕ್ಕುಲಿ, ಹುರಿಗಾಳು. ಕಬ್ಬಿನ ಜಲ್ಲೆಯ ಆಸೆ ಬಿಡಬೇಕು. ಎರಡೂ ಕಡೆ ಒಟ್ಟಿಗೆ ಅಗಿದರೆ ಸೆಟ್ ಮಗುಚುವುದಿಲ್ಲ. ರಾತ್ರಿ ತೆಗೆದು ತಣ್ಣೀರಲ್ಲಿ ಇಡಬೇಕು, ಇಲ್ಲವಾದರೆ ಅಂಗುಳಿನಲ್ಲಿ ಬೂಷ್ಟು ಬೆಳೆದು ಕೆಂಪಾಗುತ್ತದೆ. ಬಿಸಿನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ, ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ. ಸೋಪು ಮತ್ತು ಮೆತ್ತನೆ ಬ್ರಷ್ ಸಾಕು. ಸೆಟ್‌ಗಳು ಬಾಯಲ್ಲಷ್ಟೇ ಅಲ್ಲ, ತೊಳೆಯುವಾಗ ಕೈಜಾರಿ ಕಲ್ಲಿನ ಮೇಲೆ ಬಿದ್ದೂ ಮುರಿಯುತ್ತವೆ. ಕೆಳಗೆ ನೀರು ತುಂಬಿದ ಬಕೆಟ್ ಇಟ್ಟುಕೊಂಡು ತೊಳೆಯಬೇಕು. ಮುರಿದರೆ ಮನೆಯ ಗೋಂದು ಮುಟ್ಟಿಸದೆ ಚೂರುಗಳನ್ನೆಲ್ಲ ಕಟ್ಟಿಕೊಂಡು ಕ್ಲಿನಿಕ್‌ಗೆ ಒಯ್ದರೆ, ಹಲವು ಸಲ ಹೊಸ ಸೆಟ್ಟಿನ ಸಣ್ಣ ಪಾಲಿನ ಖರ್ಚಿನಲ್ಲೇ ಜೋಡಿಸಿ ಕೊಡುತ್ತಾರೆ.